ಕರೆಂಟಿಲ್ಲ ತಾನೆ?

ಫಿಟ್ಟರಕ್ಕನಿಗೆ ನಲವತ್ತಮೂರನೆಯ ವಯಸ್ಸಿನಲ್ಲಿ ಜರ್ಮನ್ ಕಲಿಯುವ ಪಾಡು ಬಂದದ್ದು ಒಂದು ಯಂತ್ರದ ದೆಸೆಯಿಂದ. ಅವಳು ಕೆಲಸ ಮಾಡುತ್ತಿದ್ದ ಮುದ್ರಣಾಲಯಕ್ಕೆ ಹಾಳೆ ಮಡಿಸುವ ಯಂತ್ರವೊಂದು ಬರುವುದಿತ್ತು. ಜರ್ಮನಿಯಲ್ಲಿ ಹನ್ನೆರಡು ವರ್ಷ ದುಡಿದ ಹಳೆಯ ಯಂತ್ರ. ಆದರೂ ಮೇಜಿನಷ್ಟಗಲದ ಹಾಳೆಯನ್ನು ನುಂಗಿ ಹದಿನಾರು ಪುಟದ ಮಡಿಕೆಯಾಗಿ ಉಗುಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ ಎಂದು ಯಾರೋ ಯಜಮಾನರ ತಲೆ ತುಂಬಿದ್ದರು. ಯಂತ್ರಕ್ಕಿಂತ ಮೊದಲು ಅದರ ಕೈಪಿಡಿ ಬಂತು. ಮುನ್ನೂರ ನಲವತ್ತು ಪುಟ, ಅಷ್ಟೂ ಜರ್ಮನ್.

ಯಜಮಾನರು ಫಿಟ್ಟರಕ್ಕನನ್ನು ಕೋಣೆಗೆ ಕರೆಸಿ ಕೈಪಿಡಿಯನ್ನು ಅವಳ ಮುಂದೆ ದೂಡಿದರು.

"ನೋಡಮ್ಮ, ಇದನ್ನ ಓದೋರು ಒಬ್ರು ಬೇಕು."

"ಓದೋರನ್ನ ಕರೆಸಿ ಸಾರ್."

"ಓದೋರಿಗೆ ಯಂತ್ರ ಗೊತ್ತಿರಲ್ಲ. ನಿಂಗೆ ಯಂತ್ರ ಗೊತ್ತು, ಓದೋದು ಒಂದು ಕಲಿತರೆ ಆಯ್ತು."

"ನನ್ನ ಕೈಲಿ ಆಗಲ್ಲ ಸಾರ್. ಈ ವಯಸ್ಸಲ್ಲಿ ಎಂಥ ಭಾಷೆ!"

"ಸರಿ ಬಿಡು. ಬೈಂಡಿಂಗ್ ಸೆಕ್ಷನ್ನಿನ ಸೂಪರ್‌ವೈಸರನ್ನ ಕಳಿಸ್ತೀನಿ."

ಫಿಟ್ಟರಕ್ಕ ಎದ್ದವಳು ಮತ್ತೆ ಕುಳಿತಳು. ಮುದ್ರಣಾಲಯದ ಅಷ್ಟೂ ಯಂತ್ರಗಳನ್ನು ಬಿಚ್ಚಿ ಜೋಡಿಸಿದವಳು ಅವಳು. ಇಪ್ಪತ್ತು ವರ್ಷದ ಹಿಂದೆ ಹೊಲಿಗೆ ಯಂತ್ರ ರಿಪೇರಿಗೆಂದು ಸೇರಿ, ಒಂದೊಂದಾಗಿ ಎಲ್ಲ ಯಂತ್ರಗಳನ್ನೂ ಒಲಿಸಿಕೊಂಡಿದ್ದಳು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಅವಳಿಗಿಂತ ಹಿರಿಯರಿಗೂ ಅವಳು ಫಿಟ್ಟರಕ್ಕನೇ. ಆ ಸೂಪರ್‌ವೈಸರ್ ಎಡಕ್ಕೆ ತಿರುಗಿಸಬೇಕಾದ ನಟ್ಟನ್ನು ಬಲಕ್ಕೆ ತಿರುಗಿಸಿ ಮುರಿಯುವ ಪೈಕಿ. ಹೊಸ ಯಂತ್ರದ ಹೊಟ್ಟೆಗೆ ಮೊದಲು ಕೈ ಹಾಕುವವನು ಅವನು ಎನ್ನುವುದನ್ನು ಅವಳು ಸಹಿಸದಾದಳು.

"ಯಾವಾಗಿಂದ ಹೋಗಬೇಕು ಸಾರ್?" ಎಂದಳು.

ಪಾಠ ನಡೆಯುತ್ತಿದ್ದದ್ದು ಎರಡು ಬೀದಿಯಾಚೆ, ನಿವೃತ್ತ ಟೀಚರಮ್ಮನೊಬ್ಬರ ಮನೆಯಲ್ಲಿ. ಗಂಡನ ಕೆಲಸದ ಮೇಲೆ ಜರ್ಮನಿಗೆ ಹೋಗಿ ಹತ್ತೊಂಬತ್ತು ವರ್ಷ ಇದ್ದು ಬಂದವರು. ವಾರಕ್ಕೆ ಮೂರು ಸಂಜೆ, ಊಟದ ಮೇಜಿನ ಸುತ್ತ ಪಾಠ. ಕಲಿಯುವವರು ಮೂವರು: ಆ ದೇಶದ ಆಸ್ಪತ್ರೆಗೆ ಹೋಗಲು ಹೊರಟ ನರ್ಸ್ ಹುಡುಗಿ, ಜರ್ಮನ್ ಹಾಡುಗಳನ್ನು ರಾಗ ಹಾಕಿ ಹಾಡುವುದಕ್ಕಷ್ಟೇ ಭಾಷೆ ಬೇಕು ಎಂದುಕೊಂಡ ಗಾಯಕರೊಬ್ಬರು, ಮತ್ತೆ ಉಗುರಿನ ಸಂದಿಯಲ್ಲಿ ಗ್ರೀಸು ಉಳಿಸಿಕೊಂಡೇ ಬರುವ ಫಿಟ್ಟರಕ್ಕ. ಮೊದಮೊದಲು ನಾಲಿಗೆಗೆ ತುಕ್ಕು ಹಿಡಿದಂತಾಗುತ್ತಿತ್ತು. ಆದರೆ ಪದಗಳನ್ನು ಬಿಡಿಭಾಗಗಳ ಹಾಗೆ ಕಳಚಬಹುದು ಎಂದು ಗೊತ್ತಾದ ಮೇಲೆ ಅವಳಿಗೆ ರುಚಿ ಹತ್ತಿತು. ಗೇಣುದ್ದದ ಪದವೊಂದನ್ನು ಮೂರು ಕಡೆ ಬಿಚ್ಚಿ, "ಓ, ಇದು ಬರೀ ಕಾಗದ ಹಿಡಿಯೋ ಹಲ್ಲು!" ಎಂದು ಕೂಗಿದ ದಿನ ಗಾಯಕರು ಬೆಚ್ಚಿ ಚಹಾ ಚೆಲ್ಲಿಕೊಂಡಿದ್ದರು.

ಎರಡನೆಯ ತಿಂಗಳಲ್ಲಿ 'ಇಲ್ಲ' ಎನ್ನುವುದರ ಪಾಠ ಬಂತು. ಟೀಚರಮ್ಮ ಒಂದು ಚಮಚ, ಒಂದು ಬಟ್ಟಲು ಮೇಜಿನ ಮೇಲಿಟ್ಟರು.

"ಬಟ್ಟಲು ತೋರಿಸಿ ನಾವು 'ಇದು ಚಮಚ ಅಲ್ಲ' ಅಂತೀವಿ. ಚಮಚ ಎತ್ತಿಟ್ಟು 'ಇಲ್ಲಿ ಚಮಚ ಇಲ್ಲ' ಅಂತೀವಿ. ಅಲ್ಲ ಬೇರೆ, ಇಲ್ಲ ಬೇರೆ. ಅವರಿಗೆ ಎರಡು ಕಡೆಯೂ ಕೈನ್. ಯಾವುದೋ ಒಂದು ಚಮಚ, ಗುರುತಿಲ್ಲದ್ದು, ಅದಕ್ಕೆ ಮೊದಲು ಕೈನ್ ಕೂರುತ್ತೆ. ಆದರೆ 'ಇದು ನನ್ನ ಚಮಚ ಅಲ್ಲ' ಅಂದರೆ ಕೈನ್ ಬರಲ್ಲ, ನಿಷ್ಟ್ ಬರುತ್ತೆ. 'ಆ ಚಮಚ ಅಲ್ಲ' ಅಂದರೂ ನಿಷ್ಟ್. ಕೆಲಸಕ್ಕೂ ನಿಷ್ಟ್: ತಿನ್ನಲ್ಲ, ಬರಲ್ಲ, ತಿರುಗಲ್ಲ."

"ಗುರುತಿದ್ದೋರಿಗೆ ನಿಷ್ಟ್, ಗುರುತಿಲ್ಲದೋರಿಗೆ ಕೈನ್," ಎಂದು ಫಿಟ್ಟರಕ್ಕ ಬರೆದುಕೊಂಡಳು.

"ನಿಷ್ಠೆ ಅಂದ್ಕೋಬಹುದು ನೋಡಿ ನೆನಪಿಗೆ," ಎಂದರು ಗಾಯಕರು. "ನಿಷ್ಠೆಯಿಂದ ಇಲ್ಲ ಅನ್ನೋದು."

"ಇನ್ನೊಂದು," ಎಂದರು ಟೀಚರಮ್ಮ, "'ನಾನು ಇವತ್ತು ಬರಲ್ಲ' ಅನ್ನೋದನ್ನ ಅವರು 'ನಾನು ಬರುತ್ತೇನೆ ಇವತ್ತು ಇಲ್ಲ' ಅನ್ನೋ ಥರ ಹೇಳ್ತಾರೆ. ಆ ನಿಷ್ಟ್ ಬರೋದು ಮಾತಿನ ಬಾಲದಲ್ಲಿ. ಆದ್ದರಿಂದ ಕೊನೇ ತನಕ ಕಿವಿ ಕೊಡಿ, ನಡುವೆ ಖುಷಿಪಟ್ಟು ಎದ್ದು ಹೋಗಬೇಡಿ."

ಮಾತಿನ ಬಾಲದಲ್ಲಿ ಕಾಯುವುದು ಫಿಟ್ಟರಕ್ಕನಿಗೆ ಹೊಸತಾಗಿರಲಿಲ್ಲ. ಅವಳ ಅತ್ತೆ ಯಾವುದಕ್ಕೂ ಮೊದಲು "ಬೇಡ" ಎನ್ನುವವರು. ಚಹಾ ಎಂದರೆ ಬೇಡ, ಲೋಟ ಕೈಗಿತ್ತರೆ, "ಬೇಡ ಅಂದ್ನಲ್ಲ, ಅರ್ಧ ಸಾಕು", ಅರ್ಧ ಕೊಟ್ಟರೆ, "ಇದೇನು, ಗುಬ್ಬಿಗಾ?" ಆ ಬೇಡದಲ್ಲಿ ಯಾವುದು ನಿಜವಾದ ಬೇಡ, ಯಾವುದು ತಾ ಎನ್ನುವ ಬೇಡ ಎಂದು ಹದಿನೆಂಟು ವರ್ಷದಿಂದ ಬೇರೆ ಮಾಡಿ ಅವಳ ಕಿವಿ ಪಳಗಿತ್ತು. ಗಂಡ ಬಸ್ ಡ್ರೈವರು, ಅಮ್ಮನ ಮಾತಿಗೆ ಅರ್ಥ ಹುಡುಕುವ ಗೊಡವೆಗೆ ಹೋಗದೆ ಲೋಟ ಇಟ್ಟು ಹೋಗಿಬಿಡುತ್ತಿದ್ದ.

ಯಂತ್ರ, ಕಂಪನಿ ಮಾತು ಕೊಟ್ಟಿದ್ದ ದಿನಕ್ಕಿಂತ ಮೂರು ವಾರ ಮೊದಲೇ ಬಂದಿಳಿಯಿತು. ಜೊತೆಗೆ ಅದನ್ನು ಕೂರಿಸಿಕೊಡಲು ಆ ದೇಶದ ಕಂಪನಿಯ ಮೆಕ್ಯಾನಿಕ್. ಬಾಗಿಲಿಗೆ ತಲೆ ಬಗ್ಗಿಸದೆ ಒಳಬರಲಾಗದಷ್ಟು ಎತ್ತರ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಅವರಿಗೆ 'ಉದ್ದಣ್ಣ' ಎಂಬ ಹೆಸರು ಬಿದ್ದಾಗಿತ್ತು. ಐವತ್ತು ದಾಟಿದ್ದರು. ಮಾತು ಕಡಿಮೆ, ಒಂದೊಂದು ಬೋಲ್ಟನ್ನೂ ಬಟ್ಟೆಯಲ್ಲಿ ಒರೆಸಿ ಸಾಲಾಗಿ ಇಡುವ ಮನುಷ್ಯ. ಆ ಸಾಲು ನೋಡಿದ ಕೂಡಲೇ ಇವರು ನಮ್ಮ ಪೈಕಿ ಎಂದು ಫಿಟ್ಟರಕ್ಕನಿಗೆ ಖಾತ್ರಿಯಾಯಿತು.

ಮೊದಲೆರಡು ದಿನ ಕೆಲಸ ಬೆಣ್ಣೆಯಂತೆ ಸಾಗಿತು. ಉದ್ದಣ್ಣ ಕೇಳಿದ ಸ್ಪ್ಯಾನರು ಕೇಳಿದ ಗಳಿಗೆಗೆ ಕೈಸೇರುತ್ತಿತ್ತು. ಅವಳು ಅರ್ಧ ಜರ್ಮನ್, ಅರ್ಧ ಬೆರಳು ಬಳಸಿ ಮಾತಾಡಿದಳು. "ಈ ಉರುಳೆ ನಿಷ್ಟ್ ನೆಟ್ಟಗೆ" ಎನ್ನುವಂಥ ಕಲಬೆರಕೆ ಮಾತೂ ದಡ ಮುಟ್ಟುತ್ತಿತ್ತು. ಬಿಡುವಿನಲ್ಲಿ ಅವಳು ಯಂತ್ರದ ಮೇಲಿನ ಎಚ್ಚರಿಕೆಯ ಚೀಟಿಗಳ ಪಕ್ಕದಲ್ಲಿ ಕನ್ನಡದ ಚೀಟಿ ಅಂಟಿಸಿದಳು: ತೆರೆಯಬಾರದು, ಮುಟ್ಟಕೂಡದು, ನೀರು ಹಾಕಬೇಡಿ. ಅಲ್ಲಿ ಒಂದೇ ನಿಷ್ಟ್ ಇದ್ದ ಕಡೆ ಇಲ್ಲಿ ಮೂರು ಬಗೆಯ ಬೇಡ ಬೇಕಾದದ್ದು ಕಂಡು ಅವಳಿಗೆ ಒಳಗೊಳಗೇ ಹೆಮ್ಮೆ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗಾಳಿ ಎಳೆಯುವ ಪಂಪಿನ ತಂತಿ ಜೋಡಿಸುವುದಿತ್ತು. ಯಂತ್ರದ ಸ್ವಿಚ್ಚನ್ನು ಫಿಟ್ಟರಕ್ಕನೇ ಆರಿಸಿದಳು. ಆದರೆ ಪಂಪಿಗೆ ಕರೆಂಟು ಬರುತ್ತಿದ್ದದ್ದು ಬೇರೆ ದಾರಿಯಿಂದ, ಗೋಡೆಯ ಪೆಟ್ಟಿಗೆಯಿಂದ ನೇರವಾಗಿ. ಆ ಪೆಟ್ಟಿಗೆಗೆ ಬೀಗ. ಬೀಗದ ಕೈ ಯಜಮಾನರ ಮೇಜಿನ ಖಾನೆಯಲ್ಲಿ. ಕೆಲಸದವರ ಕೈಗೆ ಕೊಟ್ಟರೆ ದಿನವಿಡೀ ಫ್ಯಾನು ಹಾಕಿಕೊಂಡು ಕೂರುತ್ತಾರೆ ಎಂದು ಅವರು ವರ್ಷಗಟ್ಟಲೆಯಿಂದ ಅದನ್ನು ಬಿಟ್ಟುಕೊಟ್ಟಿರಲಿಲ್ಲ.

ಉದ್ದಣ್ಣ ಯಂತ್ರದ ಹಿಂದೆ ಮಂಡಿಯೂರಿ, ಪಂಪಿನ ಮುಚ್ಚಳ ತೆಗೆದು, ತಲೆ ಎತ್ತದೆಯೇ ಕೇಳಿದರು:

"ಕೈನ್ ಷ್ಟ್ರೋಮ್ ಮೇರ್?"

ಇನ್ನು ಕರೆಂಟಿಲ್ಲ ತಾನೆ? ಅವಳಿಗೆ ಒಂದೊಂದು ಪದವೂ ಅರ್ಥವಾಯಿತು. ಅರ್ಥವಾದದ್ದಕ್ಕೆ ಸಂತೋಷವೂ ಆಯಿತು. ಕರೆಂಟಿಲ್ಲ ತಾನೆ ಎಂದು ಯಾರಾದರೂ ಕೇಳಿ, ಅದು ಇನ್ನೂ ಇದ್ದರೆ ನಾವು ಏನೆನ್ನುತ್ತೇವೆ? 'ಇಲ್ಲ, ಇದೆ, ತಾಳಿ' ಎನ್ನುತ್ತೇವೆ. ಅವಳೂ ಅದನ್ನೇ ಹೇಳಿದಳು.

"ನೈನ್," ಎಂದಳು. "ಮೊಮೆಂಟ್!"

ಹೇಳಿ, ಬೀಗದ ಕೈ ತರಲು ಯಜಮಾನರ ಕೋಣೆಯ ಕಡೆ ಹೊರಟಳು. ಎಂಟು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಹಿಂದೆ ಚಟ್ಟೆಂದು ಸದ್ದಾಯಿತು. ತಿರುಗಿದರೆ ಉದ್ದಣ್ಣ ಕಾಗದದ ಕಟ್ಟಿಗೆ ಬೆನ್ನು ಕೊಟ್ಟು ಕಾಲು ಚಾಚಿ ಬಿದ್ದಿದ್ದರು. ಸ್ಕ್ರೂಡ್ರೈವರು ಅಷ್ಟು ದೂರ ಉರುಳುತ್ತಿತ್ತು. ಅವರ ಬಲ ಅಂಗೈಯಲ್ಲಿ ಕಪ್ಪು ಗೆರೆಯೊಂದು ಮೂಡಿತ್ತು. ಕಣ್ಣು ತೆರೆದೇ ಇತ್ತು, ಬಾಯಿಯಿಂದ ಮಾತಿಲ್ಲ.

ಫಿಟ್ಟರಕ್ಕ ಓಡಿಹೋಗಿ, ಪಂಪಿನಿಂದ ದೂರ ಕಾಗದದ ಮೇಲೆ ಅವರನ್ನು ಕೂರಿಸಿ, "ಉಸಿರಾಡಿ, ಉಸಿರಾಡಿ ಅಣ್ಣ" ಎಂದು ಕನ್ನಡದಲ್ಲೇ ಗೋಗರೆದಳು. ಅವರು ಉಸಿರಾಡುತ್ತಿದ್ದರು.

ಹತ್ತಿರದ ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆ ಮಾಡಿ, ಹೃದಯಕ್ಕೆ ಏನೂ ಆಗಿಲ್ಲ, ಅಂಗೈ ಸುಟ್ಟಿದೆ, ಮಣಿಕಟ್ಟು ಉಳುಕಿದೆ, ಸಂಜೆಯ ತನಕ ಇಲ್ಲೇ ಇರಲಿ ಎಂದರು. ಹಸಿರು ಬಣ್ಣದ ಗೋಡೆಯ ಓಣಿಯಲ್ಲಿ, ಕಾಲು ಕುಂಟುವ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಅವರ ಬಲಗೈಗೆ ಮೊಣಕೈತನಕ ಬ್ಯಾಂಡೇಜು.

ಉದ್ದಣ್ಣ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು: ನೀವು ನೈನ್ ಅಂದಿರಿ.

"ಯಾ," ಹೌದು ಎಂದಳು ಅವಳು. "ನೈನ್. ಷ್ಟ್ರೋಮ್ ಯಾ!"

ಅವರು ಅವಳ ಮುಖವನ್ನೇ ನೋಡಿದರು. ಅವಳು ತನಗೆ ಬರುವ ಪದಗಳನ್ನೆಲ್ಲ ಹರವಿ, ಕೈ ತಿರುಗಿಸಿ, ಕೊನೆಗೆ ಎದ್ದು ನಿಂತು ಬೀಗ ತೆಗೆಯುವ ಅಭಿನಯವನ್ನೂ ಮಾಡಿದಳು. ನೈನ್ ಎಂದದ್ದು ಕರೆಂಟಿಗೆ ಅಲ್ಲ, ನಿಮ್ಮ ಮಾತಿಗೆ. ನೀವು ಇಲ್ಲ ಅಂದುಕೊಂಡಿದ್ದು ಸರಿಯಲ್ಲ ಎಂದು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಔಷಧಿ ಚೀಟಿಯ ಹಿಂಬದಿ ಎಡಗೈಯಿಂದ ವಕ್ರವಕ್ರವಾಗಿ ಬರೆದು ತೋರಿಸಿದರು. 'ಇಲ್ಲ ತಾನೆ' ಎಂದು ಕೇಳಿ, ಇಲ್ಲದಿದ್ದರೆ ಉತ್ತರ: ನೈನ್. ಇದ್ದರೆ ಉತ್ತರ: ಡೊಖ್. ಅವರ ಲಿಪಿಯಲ್ಲಿ ನಾಲ್ಕೇ ಅಕ್ಷರ. ಅದರ ಕೆಳಗೆ ಎರಡು ಗೆರೆ ಎಳೆದರು.

ಡೊಖ್. ಆ ಪದವನ್ನು ಅವಳು ಅದುವರೆಗೆ ಕೇಳಿಯೇ ಇರಲಿಲ್ಲ.

ಸಂಜೆ ನೇರವಾಗಿ ಟೀಚರಮ್ಮನ ಮನೆಗೆ ಹೋಗಿ ಚೀಟಿ ತೋರಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಒಂಬತ್ತನೇ ಪಾಠದಲ್ಲಿದೆ. ನಾವು ಎಂಟರಲ್ಲಿದ್ದೀವಿ," ಎಂದರು. ಆಮೇಲೆ, "ತಪ್ಪು ನನ್ನದು. ಯಂತ್ರದ ಹತ್ತಿರ ನಿಲ್ಲೋರಿಗೆ ಮೊದಲು ಕಲಿಸಬೇಕಾದ್ದೇ ಇದು. ನಾನು ಚಮಚ ಇಟ್ಕೊಂಡು ಕೂತೆ."

"ನಿಮ್ಮ ತಪ್ಪು ಯಾಕಾಗುತ್ತೆ ಟೀಚರಮ್ಮ? ಬಾಯಿ ನನ್ನದು."

ಮರುದಿನ ಯಜಮಾನರು ಅವಳನ್ನು ಕರೆಸಿದರು. ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಜರ್ಮನ್ ಭಾಷೆಯ ನಮೂನೆಯೊಂದು ಬಿದ್ದಿತ್ತು. ಏನಾಯಿತು ಎಂದು ಸ್ಥಳದಲ್ಲಿದ್ದವರು ತಮ್ಮ ಕೈಯಾರೆ ಬರೆದು ಕಳಿಸಬೇಕು ಎಂದು ಯಂತ್ರದ ಕಂಪನಿಯಿಂದ ಬಂದದ್ದು. ಉದ್ದಣ್ಣನೂ ಬೇರೆಯಾಗಿ ಬರೆಯುವುದಿತ್ತು.

"ನೀನು ಒಂದೇ ಮಾತು ಬರಿ," ಎಂದರು ಯಜಮಾನರು. "ಅವರು ಕೇಳಲಿಲ್ಲ ಅಂತ. ಕೇಳದೇ ಕೈ ಹಾಕಿದ್ರು ಅಂತ. ಮುಗೀತು."

"ಕೇಳಿದ್ರಲ್ಲ ಸಾರ್."

"ಯಾರು ಕೇಳಿಸ್ಕೊಂಡಿದ್ದಾರೆ? ಅಲ್ಲಿದ್ದದ್ದು ನೀವಿಬ್ರೇ. ಅವರು ಬಿದ್ದ ಏಟಿಗೆ ತಲೆ ತಿರುಗಿತ್ತು, ಏನು ಕೇಳಿದ್ರೋ ಏನು ಬಿಟ್ರೋ. ನೋಡಮ್ಮ, ತಪ್ಪು ನಮ್ಮ ಮೇಲೆ ಬಂದ್ರೆ ಈ ಯಂತ್ರ ಹೀಗೇ ನಿಲ್ಲುತ್ತೆ. ಬೀಗದ ಕೈ ಎಲ್ಲಿತ್ತು ಅಂತ ಕೇಳ್ತಾರೆ. ಆಮೇಲೆ ಇನ್ನೇನು ಕೇಳ್ತಾರೋ. ನಿನ್ನ ಕೆಲಸಕ್ಕೂ ಒಳ್ಳೇದಲ್ಲ, ನಂಗೂ ಒಳ್ಳೇದಲ್ಲ."

ಅವಳು ನಮೂನೆಯನ್ನು ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ಊಟದ ವೇಳೆಯಲ್ಲಿ ಸ್ಟೋರಿನ ಮೂಲೆಯಲ್ಲಿ ಕುಳಿತು ಹಾಳೆಯೊಂದರ ಮೇಲೆ ಬರೆದು ನೋಡಿದಳು. 'ಅವರು ಕೇಳಲಿಲ್ಲ.' ಎರ್ ಹಾಟ್ ನಿಷ್ಟ್ ಗೆಫ್ರಾಕ್ಟ್. ನಾಲ್ಕು ಪದ, ನಿಷ್ಟ್ ತನ್ನ ಜಾಗದಲ್ಲಿ, ಒಂದು ಅಕ್ಷರವೂ ತಪ್ಪಿಲ್ಲ. ಇಷ್ಟು ಸಲೀಸಾಗಿ ಅವಳು ಇದುವರೆಗೆ ಜರ್ಮನ್ ಬರೆದದ್ದೇ ಇಲ್ಲ. ನಡೆದದ್ದನ್ನು ನಡೆದಂತೆ ಬರೆಯೋಣವೆಂದರೆ ಮೊದಲ ಸಾಲಿಗೇ ತಡವರಿಸುತ್ತಿತ್ತು. ಅವರು ಹೀಗೆ ಕೇಳಿದಾಗ ನಾನು ಹೀಗೆಂದೆ, ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಇದು, ಯಾಕೆಂದರೆ ನಮ್ಮ ಭಾಷೆಯಲ್ಲಿ... ಆ 'ಯಾಕೆಂದರೆ'ಯ ನಂತರ ಕ್ರಿಯಾಪದ ಎಲ್ಲಿಗೆ ಹೋಗಬೇಕು ಎಂದೇ ಅವಳಿಗೆ ಗೊತ್ತಿರಲಿಲ್ಲ. ಸುಳ್ಳಿಗೆ ಬೇಕಾದ ವ್ಯಾಕರಣ ಅವಳಿಗೆ ಬರುತ್ತಿತ್ತು, ನಿಜಕ್ಕೆ ಬೇಕಾದದ್ದು ಬರುತ್ತಿರಲಿಲ್ಲ. ಅವಳು ಆ ನಾಲ್ಕು ಪದಗಳನ್ನು ಎರಡು ಸಲ ಓದಿಕೊಂಡಳು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಶೂ ಬಿಚ್ಚುತ್ತಾ ಕೇಳಿದ.

"ಯಜಮಾನರು ಹೇಳಿದ್ದು ಬರಿ," ಎಂದ. "ಆ ಮನುಷ್ಯ ನಾಳೆ ಅವರೂರಿಗೆ ಹೋಗ್ತಾನೆ. ನೀನು ಇಲ್ಲೇ ಇರೋಳು. ನನ್ನ ಬಸ್ಸಿಗೆ ಸೈಕಲ್ ತಾಗಿದಾಗ ನಾನು ಏನ್ಮಾಡ್ದೆ? ಡಿಪೋದಲ್ಲಿ ಏನು ಹೇಳು ಅಂದ್ರೋ ಅದನ್ನ ಹೇಳ್ದೆ."

"ಆಮೇಲೆ ಒಂದು ವರ್ಷ ಆ ರಸ್ತೆ ಬಿಟ್ಟು ಬೇರೆ ರೂಟ್ ಕೇಳಿದ್ದು ಯಾರು?"

ಅವನು ಇನ್ನೊಂದು ಶೂ ಬಿಚ್ಚಿದ.

ಒಳಗಿನಿಂದ ಅತ್ತೆ ಕೇಳಿದರು: "ಅವನು ಕೇಳಿದ್ನಾ, ಇಲ್ವಾ?"

"ಕೇಳಿದ್ರು ಅತ್ತೆ."

"ಮತ್ತೆ?" ಎಂದರು ಅತ್ತೆ. ಅಷ್ಟೇ. ಮುದುಕಿ ಆ ದಿನ ಚಹಾಕ್ಕೂ ಬೇಡ ಎನ್ನದೆ ಸುಮ್ಮನೆ ಲೋಟಕ್ಕೆ ಕೈ ಚಾಚಿದರು.

ಪಾಠದ ದಿನವಲ್ಲದಿದ್ದರೂ ಫಿಟ್ಟರಕ್ಕ ಟೀಚರಮ್ಮನ ಮನೆಗೆ ಹೋದಳು. "ನೀವು ಬರೆದುಕೊಡಬೇಡಿ," ಎಂದು ಮೊದಲೇ ಹೇಳಿದಳು, "ನಾನೇ ಬರೀತೀನಿ. ಎಲ್ಲಿ ಕೆಟ್ಟಿದೆ ಅಂತ ಮಾತ್ರ ತೋರ್ಸಿ." ಒಂದೂವರೆ ಗಂಟೆ ಹಿಡಿಯಿತು. 'ಯಾಕೆಂದರೆ' ನಂತರದ ಕ್ರಿಯಾಪದವನ್ನು ಎಳೆದು ತುದಿಗೆ ಹಾಕಿದ್ದಾಯಿತು. ಆಮೇಲೆ ಒಂದು ಸಾಲಿನ ಕೆಳಗೆ ಟೀಚರಮ್ಮನ ಪೆನ್ಸಿಲು ನಿಂತಿತು.

"'ಕರೆಂಟು ಪೂರ್ತಿ ಹೋಗಿರಲಿಲ್ಲ' ಅಂತ ಬರೆಯೋಕೆ ಹೋಗಿ ಗಾರ್ ನಿಷ್ಟ್ ಹಾಕಿದ್ದೀರಿ. ಅದರರ್ಥ ಒಂದಿಷ್ಟೂ ಹೋಗಿರಲಿಲ್ಲ ಅಂತ. ನೀವು ಯಾವ ಸ್ವಿಚ್ಚನ್ನೂ ಮುಟ್ಟಲೇ ಇಲ್ಲವಾ?"

"ಯಂತ್ರದ್ದು ಆರ್ಸಿದ್ದೆ. ಪಂಪಿಂದು ಉಳಿದಿತ್ತು."

"ಹಾಗಾದ್ರೆ ನಿಷ್ಟ್ ಗಾನ್ಸ್. ಪೂರ್ತಿಯಾಗಿ ಅಲ್ಲ, ಸ್ವಲ್ಪ ಉಳಿದಿತ್ತು ಅಂತ. ನಿಮ್ಮ ಮೇಲೆ ಇಲ್ಲದ ತಪ್ಪನ್ನೂ ಹೊತ್ಕೋಬೇಡಿ."

ಫಿಟ್ಟರಕ್ಕ ಗಾರ್ ಹೊಡೆದುಹಾಕಿ ಗಾನ್ಸ್ ಬರೆದಳು. ಕೊನೆಯ ಸಾಲಿಗೆ ಬಂದಾಗ ಅವಳು ಬರೆದಳು: ಗೋಡೆಯ ಪೆಟ್ಟಿಗೆಯ ಬೀಗದ ಕೈ ನನ್ನ ಬಳಿ ಇರಲಿಲ್ಲ. ಅದು ಯಜಮಾನರ ಮೇಜಿನಲ್ಲಿರುತ್ತದೆ. ಟೀಚರಮ್ಮ ಓದಿ ಅವಳ ಕಡೆ ನೋಡಿದರು. ತಿದ್ದುವುದೇನೂ ಇರಲಿಲ್ಲ.

ಮಾರನೆಯ ದಿನ ಅವಳು ನಮೂನೆಯ ಜೊತೆಗೆ ಇನ್ನೊಂದು ಹಾಳೆಯನ್ನೂ ಯಜಮಾನರ ಮುಂದಿಟ್ಟಳು. ಬರೆದದ್ದರ ಕನ್ನಡ.

"ಇದ್ಯಾಕೆ?"

"ನಿಮಗೆ ಗೊತ್ತಿಲ್ಲದ ಭಾಷೇಲಿ ನಿಮ್ಮ ಬಗ್ಗೆ ಬರೆದು ಕಳಿಸೋದು ಸರಿ ಕಾಣಲಿಲ್ಲ ಸಾರ್. ಓದಿ ನೋಡಿ."

ಅವರು ಓದಿದರು. ಮುಖ ಕೆಂಪೇರಿತು. "ಉಪ್ಪು ತಿಂದ ಮನೆಗೆ..." ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. "ನಾನು ಇದನ್ನ ಕಳಿಸದೇ ಇದ್ರೆ?"

"ಅದು ನಿಮಗೆ ಬಿಟ್ಟದ್ದು. ಬೇರೆ ಬರಿ ಅಂದ್ರೆ ನನ್ನ ಕೈಲಿ ಆಗಲ್ಲ."

ಯಜಮಾನರು ಹಾಳೆಗಳನ್ನು ಖಾನೆಗೆ ಹಾಕಿದರು. ಅಂದಿನಿಂದ ಫಿಟ್ಟರಕ್ಕನಿಗೆ ಕತ್ತರಿಸಿದ ಕಾಗದದ ಚೂರು ಕಟ್ಟುವ ಕೆಲಸ. ಹಿಂದಿನ ಶೆಡ್ಡಿನಲ್ಲಿ ಚೂರುಗಳನ್ನು ಒತ್ತಿ ಮೂಟೆ ಮಾಡುವುದು; ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಕೊಡುವಂಥದ್ದು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಅವಳು ಮೂಟೆಗಳನ್ನೂ ಬೋಲ್ಟುಗಳ ಹಾಗೆ ಸಾಲಾಗಿ ಜೋಡಿಸಿದಳು. ಆ ಕಡೆ ಉದ್ದಣ್ಣ ಒಂದು ಕೈಯಲ್ಲಿ, ಸೂಪರ್‌ವೈಸರನ ನೆರವಿನಿಂದ ಕೆಲಸ ಸಾಗಿಸುತ್ತಿದ್ದರು. ಎರಡನೆಯ ದಿನ ಸೂಪರ್‌ವೈಸರ್ ಸ್ಪ್ರಿಂಗೊಂದನ್ನು ಹಾರಿಸಿ ಛಾವಣಿಗೆ ಸಿಕ್ಕಿಸಿದನಂತೆ. ನಾಲ್ಕನೆಯ ದಿನ ಉದ್ದಣ್ಣ ಯಜಮಾನರ ಕೋಣೆಗೆ ಹೋಗಿ ಏನೋ ಹೇಳಿ ಬಂದರಂತೆ. ಏನೆಂದು ಯಾರಿಗೂ ಅರ್ಥವಾಗಲಿಲ್ಲ. ಅರ್ಥ ಹೇಳಬೇಕಾದವಳು ಶೆಡ್ಡಿನಲ್ಲಿದ್ದಳು.

ಮಧ್ಯಾಹ್ನ ಒಮ್ಮೆ ಅವರೇ ಶೆಡ್ಡಿನ ಬಾಗಿಲಿಗೆ ಬಂದು ತಲೆ ಬಗ್ಗಿಸಿ ನಿಂತರು. ತಾವು ಬರೆದದ್ದನ್ನು ತೋರಿಸಿದರು. ಅವಳು ಬೆರಳಿಟ್ಟು ಓದಿದಳು. ತಂತಿ ಮುಟ್ಟುವ ಮೊದಲು ಟೆಸ್ಟರ್ ಇಟ್ಟು ನೋಡಬೇಕಿತ್ತು, ನಾನು ನೋಡಲಿಲ್ಲ. ಇಪ್ಪತ್ತೆಂಟು ವರ್ಷದ ಅನುಭವವಿದ್ದೂ ನೋಡಲಿಲ್ಲ. ಅಲ್ಲದೆ ಭಾಷೆ ಕಲಿಯುತ್ತಿರುವವರಿಗೆ 'ಇಲ್ಲ ತಾನೆ' ಎಂದು ಕೇಳಿದ್ದು ನನ್ನ ತಪ್ಪು.

"ನಿಮ್ಮ ತಪ್ಪು ಅಲ್ಲ," ಎಂದಳು ಅವಳು ಅವರ ಭಾಷೆಯಲ್ಲಿ.

"ಡೊಖ್," ಎಂದರು ಉದ್ದಣ್ಣ. ಮೂಟೆಯ ಮೇಲೆ ಕುಳಿತು ತಮ್ಮ ಫ್ಲಾಸ್ಕಿನ ಚಹಾವನ್ನು ಮುಚ್ಚಳಕ್ಕೆ ಸುರಿದು ಅವಳಿಗೆ ಕೊಟ್ಟರು.

ಯಜಮಾನರು ಖಾನೆಯಲ್ಲಿಟ್ಟ ಹಾಳೆ ಎರಡು ದಿನ ಅಲ್ಲೇ ಇತ್ತೆಂದು ಆಮೇಲೆ ಗೊತ್ತಾಯಿತು. ಮೂರನೆಯ ದಿನ ಅವರೇ ಕಳಿಸಿದ್ದರು. ಯಾಕೆ ಕಳಿಸಿದರು ಎಂದು ಯಾರಿಗೂ ಹೇಳಲಿಲ್ಲ. ಉದ್ದಣ್ಣನ ಹಾಳೆ ಹೇಗಿದ್ದರೂ ಹೋಗುತ್ತದೆ, ಎರಡೂ ಒಂದಕ್ಕೊಂದು ಅಡ್ಡವಾದರೆ ಇನ್ನೂ ಕೆಟ್ಟದು ಎಂದು ಲೆಕ್ಕ ಹಾಕಿರಬಹುದು. ಅಥವಾ ಆ ಕನ್ನಡದ ಹಾಳೆ ಕಣ್ಣಿಗೆ ಬೀಳುತ್ತಲೇ ಇದ್ದಿರಬಹುದು. ಹನ್ನೊಂದನೆಯ ದಿನ ಕಂಪನಿಯ ಉತ್ತರ ಬಂತು. ಅದನ್ನು ಓದಲು ಅವಳನ್ನೇ ಕರೆಸಬೇಕಾಯಿತು. ತಲೆಯ ಮೇಲೆಲ್ಲ ಕಾಗದದ ಧೂಳು ಹೊತ್ತು ಅವಳು ಕೋಣೆಗೆ ಬಂದಳು.

ಅವಳು ಮೊದಲು ಕೊನೆಯವರೆಗೂ ಮನಸ್ಸಿನಲ್ಲೇ ಓದಿಕೊಂಡಳು.

"ಏನಂತೆ?" ಎಂದರು ಯಜಮಾನರು. ಅವರ ದನಿ ಇಳಿದಿತ್ತು.

"ಎರಡು ಹೇಳಿಕೇನೂ ಒಂದಕ್ಕೊಂದು ಕೂಡುತ್ತೆ ಅಂತ. ಚಿಕಿತ್ಸೆ ಖರ್ಚು ಅವರದ್ದೇ ಅಂತ. ನಮ್ಮ ಮೇಲೆ ದೂರು ಇಲ್ಲ. ಯಂತ್ರ ಪೂರ್ತಿ ಕೂರಿಸಿಕೊಡ್ತಾರೆ. ಆದ್ರೆ ಗೋಡೆ ಪೆಟ್ಟಿಗೆ ಬೀಗದ ಕೈ ಕೆಲಸ ಮಾಡೋರ ಸೊಂಟದಲ್ಲಿ ಇರಬೇಕಂತೆ. ಅದು ಆಗೋ ತನಕ ಅವರ ಮೆಕ್ಯಾನಿಕ್ ಯಂತ್ರ ಮುಟ್ಟಲ್ಲ."

"ಸರಿಯಾಗಿ ಓದಿದ್ಯಾ? ದೂರು ಇದೆಯೋ, ಇಲ್ವೋ?"

"ಇಲ್ಲ ಸಾರ್. ಕೈನ್ ಅಂತಿದೆ. ಮೂರು ಸಲ ನೋಡ್ದೆ."

ಯಜಮಾನರು ಖಾನೆ ಎಳೆದು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಅವಳು ತೆಗೆದುಕೊಂಡಳು. ಬಾಗಿಲ ಹತ್ತಿರ ಹೋದಾಗ, "ಶೆಡ್ಡಿಗೆ ಬೇರೆಯೋರನ್ನ ಹಾಕ್ತೀನಿ," ಎಂದರು. ಅವರು ಅವಳೊಡನೆ ಮೊದಲಿನಂತೆ ಮಾತಾಡಲು ಮತ್ತೆ ಎರಡು ತಿಂಗಳು ಹಿಡಿಯಿತು.

ಯಂತ್ರದ ಬಳಿ ಫಿಟ್ಟರಕ್ಕ ತನ್ನದೇ ಒಂದು ಕಟ್ಟಳೆ ತಂದಳು. 'ಇಲ್ಲ ತಾನೆ', 'ಆರಿಸಿಲ್ವಾ', 'ಬಿಚ್ಚಿಲ್ಲ ಅಲ್ವಾ' ಎಂದು ಯಾರೂ ಕೇಳುವಂತಿಲ್ಲ. 'ಕರೆಂಟು ಇದೆಯಾ?' ಎಂದಷ್ಟೇ ಕೇಳಬೇಕು. ಉತ್ತರವೂ ಬರೀ ಇಲ್ಲ, ಹೂಂ ಎಂದಲ್ಲ. 'ಕರೆಂಟು ಇದೆ', 'ಕರೆಂಟು ಇಲ್ಲ' ಎಂದು ಪೂರ್ತಿ ಹೇಳಬೇಕು. ಹೇಳಿದ ಮೇಲೂ ಟೆಸ್ಟರ್ ಇಟ್ಟು ನೋಡಬೇಕು. ಶುರುವಿಗೆ ಹುಡುಗರು ನಕ್ಕರು. "ಫಿಟ್ಟರಕ್ಕನ ಸಂಧ್ಯಾವಂದನೆ" ಎಂದು ಆಡಿಕೊಂಡರು. ಸೂಪರ್‌ವೈಸರ್ ಮಾತ್ರ ನಗಲಿಲ್ಲ. ಅವನೇ ಅದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಗೋಡೆಗೆ ಹಚ್ಚಿದ.

ಉಳಿದ ಕೆಲಸವನ್ನು ಉದ್ದಣ್ಣ ಬಾಯಲ್ಲಿ ಹೇಳಿದರು, ಫಿಟ್ಟರಕ್ಕ ಕೈಯಲ್ಲಿ ಮಾಡಿದಳು. ಒಂಬತ್ತು ದಿನ ಹಿಡಿಯಿತು. ಕಳೆದುಹೋದ ಒಂದು ವಾಷರಿಗಾಗಿ ಅರ್ಧ ದಿನ ಇಬ್ಬರೂ ನೆಲಕ್ಕೆ ಮುಖವಿಟ್ಟು ಹುಡುಕಿದರು. ಅವರು ಹೊರಡುವ ಮುನ್ನಾದಿನ ಮಧ್ಯಾಹ್ನ ಯಂತ್ರ ಮೊದಲ ಸಲ ಪೂರ್ತಿ ವೇಗಕ್ಕೆ ಏರಿತು. ಅಂದಿನ ಕೆಲಸ ಏಳನೆಯ ತರಗತಿಯ ಗಣಿತ ಪುಸ್ತಕ. ಫಿಟ್ಟರಕ್ಕ ಹೊರಬಂದ ಮಡಿಕೆಯೊಂದನ್ನು ಬಿಡಿಸಿ ಪುಟದ ಅಂಕಿಗಳನ್ನು ಬೆಳಕಿಗೆ ಹಿಡಿದಳು. ಒಂದು ಮೂಲೆಯಲ್ಲಿ ಅಂಕಿ ಕೂದಲೆಳೆಯಷ್ಟು ಕೆಳಗಿತ್ತು. ಯಂತ್ರ ನಿಲ್ಲಿಸಿ ಎಡಗಡೆಯ ತಿರುಪನ್ನು ಕಾಲು ಸುತ್ತು ತಿರುಗಿಸಿದಳು. ಉದ್ದಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಮತ್ತೆ ಓಡಿಸಿದಾಗ ಅಂಕಿಗಳು ಒಂದರ ಬೆನ್ನಿಗೊಂದು ಸರಿಯಾಗಿ ಕುಳಿತವು.

ಸಂಜೆ ಗಂಡನ ಬಸ್ಸು ಮುದ್ರಣಾಲಯದ ತಿರುವಿನಲ್ಲಿ ನಿಂತಿತು. ಅವಳು ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಒರಗಿದಳು.

"ಓಡ್ತಾ?" ಎಂದ ಅವನು ಕನ್ನಡಿಯಲ್ಲಿ ನೋಡಿ.

"ಓಡ್ತು," ಎಂದಳು. ಎರಡು ನಿಲ್ದಾಣ ದಾಟುವುದರೊಳಗೆ ಅವಳಿಗೆ ಜೊಂಪು ಹತ್ತಿತು. ಮನೆಯ ನಿಲ್ದಾಣ ಬಂದಾಗ ಅವನು ಹಾರನ್ ಒತ್ತದೆ, ಸೀಟಿನಿಂದ ಎದ್ದು ಬಂದು ಅವಳ ಹೆಗಲು ತಟ್ಟಿದ.